ಸಂಡೇ ಸ್ಕೂಲಿನ ಎಳೆಯ ಗುರುಗಳು

ಕ್ರೈಸ್ತ ಸಭೆಗಳಲ್ಲಿ ಮಕ್ಕಳಿಗೆ ನಂಬಿಕೆಯ ಮೊದಲ ಪಾಠ ಹೇಳಿಕೊಡುವವರು ಹೆಚ್ಚಾಗಿ ಸಭಾಪಾಲಕರಲ್ಲ, ದೈವಶಾಸ್ತ್ರ ಓದಿದವರೂ ಅಲ್ಲ. ಹದಿನೆಂಟರಿಂದ ಇಪ್ಪತ್ತೈದರ ಆಸುಪಾಸಿನ ಹುಡುಗ ಹುಡುಗಿಯರೇ ಆ ಕೆಲಸಕ್ಕೆ ನಿಂತಿರುತ್ತಾರೆ. ಪ್ರಾಟೆಸ್ಟಂಟ್ ಸಭೆಗಳ ಸಂಡೇ ಸ್ಕೂಲು, ಬೇಸಿಗೆ ರಜೆಯ ವಿಬಿಎಸ್ (ವೆಕೇಷನ್ ಬೈಬಲ್ ಸ್ಕೂಲ್), ಕಥೋಲಿಕ ಚರ್ಚುಗಳ ಧರ್ಮೋಪದೇಶದ ತರಗತಿ, ಎಲ್ಲ ಕಡೆಯೂ ಇವರನ್ನು ಕಾಣಬಹುದು. ಮಕ್ಕಳು ಅವರನ್ನು ಅಕ್ಕ, ಅಣ್ಣ ಎನ್ನುತ್ತಾರೆ, ಕೆಲವು ಕಡೆ ಟೀಚರ್ ಎನ್ನುತ್ತಾರೆ. ಸಂಬಳವಿಲ್ಲ, ತರಬೇತಿ ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ. ಈ ಏರ್ಪಾಡು ಎಷ್ಟು ರೂಢಿಯಾಗಿಬಿಟ್ಟಿದೆಯೆಂದರೆ ಅದರೊಳಗಿನ ತೊಡಕು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ತಾನು ನಂಬುವುದೇನು ಎಂಬುದು ತನಗೇ ಇನ್ನೂ ಪೂರ್ತಿ ತಿಳಿಯದ ವಯಸ್ಸಿನವರ ಕೈಗೆ, ಹೇಳಿದ್ದನ್ನೆಲ್ಲ ನಂಬಿಬಿಡುವ ವಯಸ್ಸಿನವರನ್ನು ಒಪ್ಪಿಸಲಾಗಿದೆ. ಇದು ಸರಿಯೆ? ಸರಿಯಾದರೆ ಯಾವ ಕರಾರಿನ ಮೇಲೆ?

ಬೈಬಲ್ ಈ ವಿಷಯದಲ್ಲಿ ಎರಡೂ ಕಡೆಗೆ ಮಾತಾಡುತ್ತದೆ. ತಾನಿನ್ನೂ ಸಣ್ಣವನು, ಮಾತು ಬಾರದವನು ಎಂದು ಹಿಂಜರಿದ ಯೆರೆಮೀಯನ ನೆಪವನ್ನು ದೇವರು ಒಪ್ಪಲಿಲ್ಲ. ಎಫೆಸದ ಸಭೆಯ ಹೊಣೆ ಹೊತ್ತ ತಿಮೊಥೆಯನಿಗೆ ಪೌಲನ ಹೆಸರಿನ ಪತ್ರ ಕೊಡುವ ಬುದ್ಧಿವಾದವೂ ಅದೇ ದಾರಿಯದು: ಪ್ರಾಯದ ಹುಡುಗನೆಂದು ಜನ ಹಗುರವಾಗಿ ಕಾಣದ ಹಾಗೆ ಅವನ ನಡೆನುಡಿ ಇರಬೇಕು. ಆದರೆ ಯಾಕೋಬನ ಪತ್ರ ಬೋಧಕರಾಗಲು ನುಗ್ಗುವವರನ್ನು ತಡೆಯುತ್ತದೆ, ಬೋಧಕರ ಲೆಕ್ಕವನ್ನು ಬಿಗಿಯಾಗಿ ಕೇಳಲಾಗುತ್ತದೆ ಎಂಬ ಕಾರಣಕ್ಕೆ. ಚಿಕ್ಕವರನ್ನು ಎಡವಿಸುವವನ ಬಗ್ಗೆ, ಬೀಸುವ ಕಲ್ಲನ್ನೂ ಸಮುದ್ರವನ್ನೂ ತಂದು ಯೇಸು ಆಡಿದ ಮಾತು ಸುವಾರ್ತೆಗಳಲ್ಲೇ ಅತ್ಯಂತ ಬಿರುಸಾದವುಗಳಲ್ಲಿ ಒಂದು.

ಇವೆಲ್ಲಕ್ಕಿಂತ ಈ ವಿಚಾರಕ್ಕೆ ಹತ್ತಿರವಾದದ್ದು ಸಮುವೇಲನ ಬಾಲ್ಯದ ಕಥೆ. ರಾತ್ರಿ ಯಾರೋ ಕರೆದಂತಾಗಿ ಹುಡುಗ ಮುದಿ ಯಾಜಕ ಏಲಿಯ ಬಳಿಗೆ ಓಡುತ್ತಾನೆ. ನಾನು ಕರೆಯಲಿಲ್ಲ, ಹೋಗಿ ಮಲಗು ಎಂದು ಏಲಿ ಕಳಿಸುತ್ತಾನೆ. ಮೂರನೆಯ ಸಲ ಹುಡುಗ ಬಂದಾಗಷ್ಟೇ ಏಲಿಗೆ ಇದು ದೇವರ ಕರೆಯಿರಬೇಕೆಂದು ಹೊಳೆಯುತ್ತದೆ. ಕರೆ ಬಂದದ್ದು ಮಗುವಿಗೆ. ಗುರುವಿಗೆ ಅದು ಕೇಳಿಸಲೇ ಇಲ್ಲ. ಏಲಿ ಮಾಡಿದ್ದಿಷ್ಟೇ: ಮತ್ತೆ ಕರೆದರೆ ಹೇಗೆ ಓಗೊಡಬೇಕೆಂದು ಹೇಳಿಕೊಟ್ಟ. ಮಕ್ಕಳಿಗೆ ದೇವರನ್ನು ಕಲಿಸುತ್ತೇವೆ ಎಂದು ಹೊರಡುವವರು ಈ ಕಥೆಯನ್ನು ಮಕ್ಕಳಿಗೆ ಹೇಳುವುದಕ್ಕೆ ಮುಂಚೆ ತಮಗಾಗಿ ಓದಿಕೊಳ್ಳುವುದು ಒಳ್ಳೆಯದು.

ಸಭೆಯ ಆದಿ ಶತಮಾನಗಳಲ್ಲಿ ವ್ಯವಸ್ಥಿತ ಬೋಧನೆ ಇದ್ದದ್ದು ದೀಕ್ಷಾಸ್ನಾನಕ್ಕೆ ಸಿದ್ಧರಾಗುವ ದೊಡ್ಡವರಿಗೆ. ಮಕ್ಕಳು ಕಲಿಯುತ್ತಿದ್ದದ್ದು ಮನೆಯಲ್ಲಿ. ತಿಮೊಥೆಯನಿಗೂ ನಂಬಿಕೆ ಬಂದದ್ದು ಅಜ್ಜಿ ಲೋವಿ, ತಾಯಿ ಯೂನಿಕೆಯರಿಂದ. ಮಾರ್ಟಿನ್ ಲೂಥರ್ ಸ್ಯಾಕ್ಸನಿಯ ಸಭೆಗಳನ್ನು ಸುತ್ತಿ ನೋಡಿ, ಜನರಿಗಷ್ಟೇ ಅಲ್ಲ ಪಾದ್ರಿಗಳಿಗೂ ಮೂಲ ಸಂಗತಿಗಳು ಗೊತ್ತಿಲ್ಲವೆಂದು ಕಂಡು, 1529ರಲ್ಲಿ ಕಿರು ಪ್ರಶ್ನೋತ್ತರಿಯನ್ನು ಬರೆದಾಗಲೂ ಅದನ್ನು ಕಲಿಸುವ ಹೊಣೆಯನ್ನು ಹೊರಿಸಿದ್ದು ಮನೆಯ ಯಜಮಾನನ ಮೇಲೆ. ಮಿಲಾನಿನಲ್ಲಿ 1536ರಲ್ಲಿ ಕಾಸ್ತೆಲ್ಲಿನೊ ದ ಕಾಸ್ತೆಲ್ಲೊ ಎಂಬ ಪಾದ್ರಿ ಹಬ್ಬ ಮತ್ತು ಭಾನುವಾರಗಳಂದು ಮಕ್ಕಳನ್ನು ಕೂಡಿಸಿ ಓದು, ಬರಹ, ಧರ್ಮ ಕಲಿಸುವ ಶಾಲೆ ತೆರೆದ. ಪಾದ್ರಿಗಳಲ್ಲದ ಸಾಮಾನ್ಯ ಭಕ್ತರೇ ಅಲ್ಲಿ ಪಾಠ ಹೇಳುತ್ತಿದ್ದರು.

ಇಂದಿನ ಸಂಡೇ ಸ್ಕೂಲಿನ ತಾಯಿಬೇರು ಇಂಗ್ಲೆಂಡಿನಲ್ಲಿದೆ. ಹೈ ವಿಕಂಬ್ ಊರಿನಲ್ಲಿ ಹ್ಯಾನಾ ಬಾಲ್ ಎಂಬ ಮೆಥಡಿಸ್ಟ್ ಹೆಣ್ಣುಮಗಳು 1769ರಲ್ಲೇ ಅಂಥದೊಂದು ಶಾಲೆ ನಡೆಸಿದ್ದಳು. ಹೆಸರು ಬಂದದ್ದು ಮಾತ್ರ 1780ರಲ್ಲಿ ಗ್ಲಾಸ್ಟರಿನಲ್ಲಿ ಶುರುಮಾಡಿದ ರಾಬರ್ಟ್ ರೈಕ್ಸ್‌ಗೆ. ಅವನ ಕೈಯಲ್ಲಿ ಪತ್ರಿಕೆಯಿತ್ತು ಎಂಬುದು ಅದಕ್ಕೊಂದು ಕಾರಣ. ಗುಂಡುಸೂಜಿ ಕಾರ್ಖಾನೆಗಳಲ್ಲಿ ವಾರದ ಆರು ದಿನ ದುಡಿದು ಏಳನೆಯ ದಿನ ಬೀದಿಯಲ್ಲಿ ಅಲೆಯುತ್ತಿದ್ದ ಮಕ್ಕಳಿಗಾಗಿ ಆ ಶಾಲೆ. ರೈಕ್ಸ್ ಪಾಠ ಹೇಳುವ ಹೆಂಗಸರಿಗೆ ಭಾನುವಾರಕ್ಕೆ ಒಂದು ಶಿಲಿಂಗಿನಂತೆ ಕೂಲಿ ಕೊಡುತ್ತಿದ್ದ. ಕೂಲಿಯ ಪದ್ಧತಿ ಬೇಗನೆ ಬಿದ್ದುಹೋಯಿತು. ಶಾಲೆಗಳು ಹೆಚ್ಚಿದವು, ಹಣ ಸಾಲಲಿಲ್ಲ, ಸ್ವಯಂಸೇವಕರು ಬಂದರು. ಹಾಗೆ ಬಂದವರಲ್ಲಿ ದೊಡ್ಡ ಪಾಲು ಅದೇ ಶಾಲೆಗಳಲ್ಲಿ ಕಲಿತು ಬೆಳೆದ ದುಡಿಯುವ ವರ್ಗದ ತರುಣ ತರುಣಿಯರದು. ನೆನ್ನೆಯ ವಿದ್ಯಾರ್ಥಿ ಇಂದಿನ ಟೀಚರ್ ಆಗುವ ಕ್ರಮ ಆಗ ಬೇರೂರಿದ್ದು ಇಂದಿಗೂ ಅಲುಗಿಲ್ಲ.

ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಈ ವಿಧಾನಕ್ಕೆ ನಮ್ಮ ಕಡೆಯ ನಂಟೂ ಇದೆ. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಆಶ್ರಮ ಶಾಲೆಯನ್ನು 1789ರಿಂದ ನೋಡಿಕೊಳ್ಳುತ್ತಿದ್ದ ಪಾದ್ರಿ ಆಂಡ್ರ್ಯೂ ಬೆಲ್, ಊರ ಮಕ್ಕಳು ಮರಳಿನ ಮೇಲೆ ಬೆರಳಿಂದ ಅಕ್ಷರ ತಿದ್ದುವುದನ್ನು ಕಂಡು ತನ್ನ ಶಾಲೆಗೂ ಅದನ್ನು ತಂದ. ಅಲ್ಲಿನ ಮಾಸ್ತರರು ಮನಸ್ಸು ಮಾಡದಿದ್ದಾಗ ಎಂಟು ವರ್ಷದ ಹುಡುಗನೊಬ್ಬನನ್ನೇ ಕಲಿಸಲು ಕೂಡಿಸಿದ. 1797ರಲ್ಲಿ ಅವನು ಇದನ್ನು ಪುಸ್ತಕವಾಗಿ ಪ್ರಕಟಿಸಿದ ಮೇಲೆ ಮದರಾಸು ಪದ್ಧತಿ ಎಂದೇ ಇಂಗ್ಲೆಂಡಿನ ಶಾಲೆಗಳಲ್ಲಿ ಹಬ್ಬಿತು. ಕನ್ನಡನಾಡಿನ ಕೂಲಿಮಠಗಳಲ್ಲಿ ಬಲಿತ ಹುಡುಗರು ಎಳೆಯರಿಗೆ ತಿದ್ದಿಸುತ್ತಿದ್ದದ್ದನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ಆದರೆ ಅಕ್ಷರ, ಮಗ್ಗಿ ಕಲಿಸುವುದಕ್ಕೂ ನಂಬಿಕೆ ಕಲಿಸುವುದಕ್ಕೂ ವ್ಯತ್ಯಾಸವಿದೆ. ಮಗ್ಗಿ ಬಲ್ಲವನಿಗೆ ಮಗ್ಗಿಯ ಬಗ್ಗೆ ಸಂಶಯ ಹುಟ್ಟುವುದಿಲ್ಲ.

ಕಥೋಲಿಕ ಪರಂಪರೆಯಲ್ಲಿ ತರುಣರ ಮೇಲೆ ಎಲ್ಲರಿಗಿಂತ ಹೆಚ್ಚು ಭರವಸೆಯಿಟ್ಟವನು ಟ್ಯುರಿನ್ ನಗರದ ಜಾನ್ ಬಾಸ್ಕೊ. ಹೊಸದಾಗಿ ಪಾದ್ರಿಯಾಗಿದ್ದ ಅವನು 1841ರ ಡಿಸೆಂಬರಿನಲ್ಲಿ ಬೀದಿಯ ಹುಡುಗನೊಬ್ಬನಿಗೆ ಪಾಠ ಹೇಳಿದ್ದರಿಂದ ಶುರುವಾದ ಕೂಟ ಕೆಲವೇ ವರ್ಷಗಳಲ್ಲಿ ನೂರಾರು ಹುಡುಗರದಾಯಿತು. ಸಹಾಯಕ್ಕೆ ಹಿರಿಯರು ಸಾಕಷ್ಟು ಸಿಗಲಿಲ್ಲ. ಅವನು ಆ ಹುಡುಗರಿಂದಲೇ ಬೋಧಕರನ್ನು ಬೆಳೆಸಿದ. 1859ರ ಡಿಸೆಂಬರ್ 18ರಂದು ಸಲೇಷಿಯನ್ ಸಂಸ್ಥೆ ಹುಟ್ಟಿದಾಗ ಅವನ ಕೋಣೆಯಲ್ಲಿ ಸೇರಿದ್ದವರಲ್ಲಿ ಹೆಚ್ಚಿನವರು ಮೀಸೆ ಚಿಗುರುತ್ತಿದ್ದವರು. ಬಾಸ್ಕೊನ ನಂತರ ಸಂಸ್ಥೆಯನ್ನು ನಡೆಸಿದ ಮಿಕೇಲೆ ರುವಾನಿಗೆ ಆಗ ಇಪ್ಪತ್ತೆರಡು. ವಿವೇಕ, ಧರ್ಮ, ಅಕ್ಕರೆ ಎಂಬ ಮೂರರ ಮೇಲೆ ಬಾಸ್ಕೊ ತನ್ನ ಶಿಕ್ಷಣಕ್ರಮವನ್ನು ನಿಲ್ಲಿಸಿದ: ತಪ್ಪಾದ ಮೇಲೆ ದಂಡಿಸುವುದಕ್ಕಿಂತ ತಪ್ಪಾಗದಂತೆ ಜತೆಗಿರುವುದು. ಜತೆಗಿರುವುದೆಂದರೆ ಆಟದ ಬಯಲಿನಲ್ಲಿಯೂ. ಅದಕ್ಕೆ ಅರವತ್ತರ ಮೊಣಕಾಲು ಸಾಲದು ಎಂಬುದು ತರುಣರ ಪರವಾದ ಅತಿ ಸರಳ ವಾದ, ಮತ್ತು ಬಲವಾದ ವಾದ ಕೂಡ. ಬೆಂಗಳೂರಿನಲ್ಲಿ 1980ರಲ್ಲಿ ಬೀದಿ ಮಕ್ಕಳ ಜತೆ ಕೆಲಸ ಆರಂಭಿಸಿದ ಬೆಂಗಳೂರು ಓಣಿಯವರ ಸೇವಾ ಕೂಟ, ಅಂದರೆ ಬಾಸ್ಕೊ ಸಂಸ್ಥೆ, ಕ್ರಿಸ್ತು ಜ್ಯೋತಿ ಕಾಲೇಜಿನ ಸಲೇಷಿಯನ್ ವಿದ್ಯಾರ್ಥಿಗಳು ರಸ್ತೆಗಿಳಿದದ್ದರಿಂದ ಮೊಳೆತದ್ದು. ಅಲ್ಲಿನ ಕೆಲಸ ಧರ್ಮಬೋಧೆಯಲ್ಲ, ಮಕ್ಕಳ ರಕ್ಷಣೆ. ತರುಣರು ಮಕ್ಕಳ ಬಳಿಗೆ ಮೊದಲು ಹೋಗುವುದು ಎಂಬ ಕ್ರಮ ಮಾತ್ರ ಟ್ಯುರಿನ್ನಿನದೇ.

ವಿಬಿಎಸ್ಸಿನ ಮೂಲ ಅಮೆರಿಕದ್ದು. ನ್ಯೂಯಾರ್ಕಿನಲ್ಲಿ 1898ರಲ್ಲಿ ಎಲೈಜಾ ಹಾಸ್ ಎಂಬಾಕೆ ಬಾಡಿಗೆಗೆ ಹಿಡಿದ ಬಿಯರ್ ಅಂಗಡಿಯಲ್ಲಿ ಬೇಸಿಗೆಯ ಬೈಬಲ್ ಶಾಲೆ ನಡೆಸಿದಳು. 1901ರಿಂದ ರಾಬರ್ಟ್ ಬೋವಿಲ್ ಅದನ್ನು ಹಬ್ಬಿಸಿದ. ರಜೆಯಲ್ಲಿ ಚರ್ಚುಗಳು ಖಾಲಿ, ಮಕ್ಕಳು ಖಾಲಿ, ಕಾಲೇಜು ವಿದ್ಯಾರ್ಥಿಗಳೂ ಖಾಲಿ, ಮೂರನ್ನೂ ಒಂದೆಡೆ ಸೇರಿಸಿದರಾಯಿತು ಎಂಬುದು ಅವನ ಲೆಕ್ಕಾಚಾರ. ಕರ್ನಾಟಕದ ಮಟ್ಟಿಗೆ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮೊದಲಿಂದಲೂ ಸ್ಥಳೀಯ ಯುವಕರನ್ನು ಉಪದೇಶಿಗಳಾಗಿ ತಯಾರು ಮಾಡಲು ಯತ್ನಿಸಿದರು. ಬಲ್ಮಠದ ಕರ್ನಾಟಕ ತಿಯೊಲಾಜಿಕಲ್ ಕಾಲೇಜು ತನ್ನ ಮೂಲವನ್ನು ಆ ಮಿಷನ್ನಿನ 1847ರ ಸೆಮಿನರಿಯಲ್ಲಿ ಗುರುತಿಸಿಕೊಳ್ಳುತ್ತದೆ. ಅಖಿಲ ಭಾರತ ಮಟ್ಟದಲ್ಲಿ ಇಂಡಿಯಾ ಸಂಡೇ ಸ್ಕೂಲ್ ಯೂನಿಯನ್ 1876ರಲ್ಲಿ ಅಲಹಾಬಾದಿನಲ್ಲಿ ಸ್ಥಾಪನೆಯಾಯಿತು. ಒಟ್ಟಿನಲ್ಲಿ ಎಳೆಯರನ್ನು ಗುರುಗಳನ್ನಾಗಿ ಮಾಡಿದ್ದು ಒಮ್ಮೆ ಆದರ್ಶ, ಒಮ್ಮೆ ಅನಿವಾರ್ಯ. ಬಹಳ ಸಲ ಖರ್ಚಿಲ್ಲದ ದಾರಿ.

ಈ ವಯಸ್ಸಿನ ಬಗ್ಗೆ ಮನಶ್ಶಾಸ್ತ್ರ ಹೇಳುವುದು ತೊಡಕನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಜೆಫ್ರಿ ಆರ್ನೆಟ್ 2000ದಲ್ಲಿ, ಹದಿನೆಂಟರಿಂದ ಇಪ್ಪತ್ತೈದರ ನಡುವಿನ ಕಾಲವನ್ನು ಹರೆಯವೂ ಅಲ್ಲದ, ಪ್ರೌಢತೆಯೂ ಅಲ್ಲದ ಬೇರೆಯೇ ಘಟ್ಟವೆಂದು ಗುರುತಿಸಿದ. ಕೆಲಸ, ಸಂಗಾತಿ, ಲೋಕದೃಷ್ಟಿ ಮೂರನ್ನೂ ಹುಡುಕಾಡಿ ನೋಡುವ ಕಾಲ ಅದು. ಅವನ ಮುಂದಿದ್ದದ್ದು ಹೆಚ್ಚಾಗಿ ಅಮೆರಿಕದ ತರುಣರು. ಇಪ್ಪತ್ತಕ್ಕೇ ಗಾರ್ಮೆಂಟ್ ಕಾರ್ಖಾನೆ ಸೇರಿ ಮನೆ ನಡೆಸುವ ಹುಡುಗಿಗೆ ಅದು ಪೂರ್ತಿ ಒಪ್ಪಲಾರದು. ಆದರೂ ನಗರದ ಕಾಲೇಜಿಗೆ ಬಂದ ಕ್ರೈಸ್ತ ತರುಣರಲ್ಲಿ ಆ ಹುಡುಕಾಟ ಢಾಳಾಗಿಯೇ ಕಾಣುತ್ತದೆ. ಜೇಮ್ಸ್ ಫೌಲರ್ 1981ರ ತನ್ನ ಗ್ರಂಥದಲ್ಲಿ ನಂಬಿಕೆಯ ಬೆಳವಣಿಗೆಯನ್ನು ಹಂತಗಳಾಗಿ ವಿಂಗಡಿಸಿದ. ಸುತ್ತಲಿನವರ ನಂಬಿಕೆಯನ್ನು ಹಾಗೆಯೇ ತೊಟ್ಟುಕೊಂಡಿರುವುದು ಹರೆಯದ ಹಂತ. ಅದನ್ನು ಕಳಚಿ ಕೈಯಲ್ಲಿ ಹಿಡಿದು, ಇದು ನನ್ನದೆ ಎಂದು ಕೇಳುವುದು ಅದರ ಮುಂದಿನದು. ಸಂಡೇ ಸ್ಕೂಲಿನ ಟೀಚರ್ ನಿಂತಿರುವುದು ಸರಿಯಾಗಿ ಈ ಎರಡರ ಹೊಸ್ತಿಲಲ್ಲಿ. ವಾರವಿಡೀ ತಾನು ಕೇಳಿಕೊಳ್ಳುವ ಪ್ರಶ್ನೆಗಳಿಗೆ ಭಾನುವಾರ ಬೆಳಿಗ್ಗೆ ಖಚಿತ ಉತ್ತರಗಳನ್ನು ಮಕ್ಕಳ ಮುಂದೆ ಇಡಬೇಕು.

ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರಗಳು ಎರಡು. ಸಂಶಯವಿರುವವರು ಪಾಠ ಹೇಳಬಾರದು ಎಂಬುದು ಒಂದು. ಹಾಗೆ ಹಿಡಿದರೆ ಯೋಚಿಸುವ ತರುಣರೆಲ್ಲ ಹೊರಗುಳಿದು, ಯೋಚಿಸದವರಿಗಷ್ಟೇ ತರಗತಿ ಸಿಗುತ್ತದೆ. ಸಂಶಯವನ್ನು ನುಂಗಿಕೊಂಡು ಪಾಠದ ಪುಸ್ತಕದಲ್ಲಿ ಇದ್ದಷ್ಟನ್ನು ಹೇಳಿ ಮುಗಿಸಬೇಕು ಎಂಬುದು ಎರಡನೆಯದು. ಆಚರಣೆಯಲ್ಲಿ ಇರುವುದು ಹೆಚ್ಚಾಗಿ ಇದೇ. ಇದು ಮೊದಲನೆಯದಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಮಕ್ಕಳಿಗೆ ಸುಳ್ಳು ದನಿ ಬೇಗ ಪತ್ತೆಯಾಗುತ್ತದೆ. ಸುಮಾರು 400ರಲ್ಲಿ, ಕಾರ್ತೇಜಿನ ದೆಯೊಗ್ರಾತಿಯಸ್ ಎಂಬ ಸಭಾಸೇವಕ ಹೊಸಬರಿಗೆ ಪಾಠ ಹೇಳುವಾಗ ತನಗೇ ಬೇಸರವಾಗುತ್ತದೆ, ಮಾತು ಸಪ್ಪೆಯಾಗುತ್ತದೆ ಎಂದು ಅಗಸ್ಟೀನನಿಗೆ ಹೇಳಿಕೊಂಡಿದ್ದ. ಅಗಸ್ಟೀನ್ ಅವನಿಗಾಗಿ ಒಂದು ಸಣ್ಣ ಗ್ರಂಥವನ್ನೇ ಬರೆದ. ಅದರಲ್ಲಿ ಪಾಠದ ವಿಷಯಕ್ಕೆ ಎಷ್ಟು ಜಾಗವಿದೆಯೋ ಪಾಠ ಹೇಳುವವನ ಮನಸ್ಸಿನ ಸ್ಥಿತಿಗೂ ಅಷ್ಟೇ ಕಾಳಜಿಯಿದೆ. ತನ್ನ ಮಾತು ತನಗೇ ಎಂದೂ ಸಾಕೆನಿಸುವುದಿಲ್ಲ ಎಂದು ಆ ಮಹಾ ವಾಗ್ಮಿ ಅಲ್ಲಿ ಒಪ್ಪಿಕೊಳ್ಳುತ್ತಾನೆ. ಕಲಿಸುವವನು ಸಂತೋಷದಿಂದ ಕಲಿಸಬೇಕು. ಆ ಸಂತೋಷ ಹುಟ್ಟುವುದು ಕೇಳುವವರ ಮೇಲಿನ ಪ್ರೀತಿಯಿಂದ ಎಂಬುದು ಅವನ ನಿಲುವು. ಪೂರ್ಣಜ್ಞಾನ ಬಂದ ಮೇಲೆ ಕಲಿಸು ಎಂದು ಅವನು ಹೇಳಲಿಲ್ಲ.

ಆದ್ದರಿಂದ ಮೂರನೆಯ ಉತ್ತರವೊಂದು ಸಾಧ್ಯ. ತರುಣ ಬೋಧಕ ನಂಬಿಕೆಗೆ ಸಾಕ್ಷಿ. ಅದರ ಪ್ರಮಾಣಪತ್ರ ಕೊಡುವ ಅಧಿಕಾರಿಯಲ್ಲ. ಸಾಕ್ಷಿಯಾದವನು ತಾನು ಕಂಡಷ್ಟನ್ನು, ಕೇಳಿದಷ್ಟನ್ನು ಹೇಳಬೇಕು, ಕಾಣದ್ದನ್ನು ಕಂಡೆನೆನ್ನಬಾರದು. ಸಭೆ ಏನು ನಂಬುತ್ತದೆ, ಸತ್ಯವೇದದ ಕಥೆ ಏನು ಹೇಳುತ್ತದೆ, ಅದರಲ್ಲಿ ತನಗೆ ಯಾವುದು ಹಿಡಿಸಿದೆ, ಇವನ್ನು ಇಪ್ಪತ್ತರ ಹುಡುಗಿಯೊಬ್ಬಳು ಪ್ರಾಮಾಣಿಕವಾಗಿಯೇ ಹೇಳಬಲ್ಲಳು. ತಿಳಿಯದ್ದನ್ನು ನನಗೂ ತಿಳಿಯದು, ಕೇಳಿಕೊಂಡು ಬರುತ್ತೇನೆ ಎಂದರೆ ಮಗುವಿನ ನಂಬಿಕೆ ಕುಸಿಯುವುದಿಲ್ಲ. ಕುಸಿಯುವುದು ಹದಿನಾರನೆಯ ವಯಸ್ಸಿನಲ್ಲಿ, ತನಗೆ ಹೇಳಿದ ಉತ್ತರಗಳು ಹೇಳಿದವರಿಗೇ ಖಚಿತವಿರಲಿಲ್ಲ ಎಂದು ಗೊತ್ತಾದಾಗ.

ಪರೀಕ್ಷೆಗೆ ಒಂದು ಪಾಠವನ್ನೇ ತೆಗೆದುಕೊಳ್ಳಬಹುದು: ಅಬ್ರಹಾಮನು ಮಗ ಇಸಾಕನನ್ನು ಬಲಿಕೊಡಲು ಬೆಟ್ಟಕ್ಕೆ ಕರೆದೊಯ್ದದ್ದು. ಮಕ್ಕಳ ಪಾಠದ ಪುಸ್ತಕಗಳಲ್ಲಿ ಇದು ವಿಧೇಯತೆಯ ಪಾಠ. ಕೊನೆಗೆ ಟಗರಿನ ಚಿತ್ರಕ್ಕೆ ಬಣ್ಣ ತುಂಬಿಸಿದರೆ ಮುಗಿಯಿತು. ಡೆನ್ಮಾರ್ಕಿನ ಕೀರ್ಕೆಗಾರ್ಡ್ 1843ರಲ್ಲಿ ಈ ಕಥೆಯ ಮೇಲೆ ಒಂದು ಇಡೀ ಗ್ರಂಥವನ್ನು ಬರೆದ. ಬಾಲ್ಯದಲ್ಲಿ ಈ ಕಥೆ ಕೇಳಿ ಮೆಚ್ಚಿದ್ದ ಮನುಷ್ಯನೊಬ್ಬ, ದೊಡ್ಡವನಾಗುತ್ತ ಇನ್ನೂ ಹೆಚ್ಚು ಮೆಚ್ಚಿದ, ಆದರೆ ಅವನಿಗೆ ಅದು ಅರ್ಥವಾಗುವುದು ಮಾತ್ರ ಕಡಿಮೆಯಾಗುತ್ತ ಹೋಯಿತು ಎಂಬ ಚಿತ್ರದೊಂದಿಗೆ ಆ ಗ್ರಂಥ ತೆರೆದುಕೊಳ್ಳುತ್ತದೆ. ಅಂಥ ಕಥೆಗೆ ಇಪ್ಪತ್ತು ನಿಮಿಷದಲ್ಲಿ ನೀತಿ ಹಚ್ಚಿ ಕಳಿಸುವುದು ಕಥೆಗೂ ಅನ್ಯಾಯ, ಮಗುವಿಗೂ ಅನ್ಯಾಯ. ಅಪ್ಪ ನನ್ನನ್ನೂ ಹಾಗೆ ಮಾಡುತ್ತಾರಾ ಎಂದು ಏಳು ವರ್ಷದ ಮಗು ಕೇಳಿದರೆ ಅದು ತಲೆಹರಟೆಯಲ್ಲ. ಕಥೆಯನ್ನು ಆ ಕೋಣೆಯಲ್ಲಿ ನಿಜವಾಗಿ ಕೇಳಿದ್ದು ಅದೊಂದೇ. ಯೆರಿಕೋವಿನ ಗೋಡೆ ಬಿದ್ದ ಪಾಠದಲ್ಲೂ ಇದೇ ಪಾಡು. ಗೋಡೆ ಬೀಳುವವರೆಗೆ ಆಕ್ಷನ್ ಸಾಂಗ್ ಚೆನ್ನಾಗಿ ನಡೆಯುತ್ತದೆ, ಊರಿನೊಳಗೆ ಇದ್ದ ಮಕ್ಕಳು ಏನಾದರು ಎಂದು ಯಾರಾದರೂ ಕೇಳುವ ತನಕ.

ಕರ್ನಾಟಕದ ಸಂಡೇ ಸ್ಕೂಲಿನಲ್ಲಿ ಇದಕ್ಕಿಂತ ಹತ್ತಿರದ ಪ್ರಶ್ನೆ ಒಂದಿದೆ. ಶಾಲೆಯಲ್ಲಿ ಪಕ್ಕದಲ್ಲಿ ಕೂರುವ ಗೆಳತಿ ಹಿಂದೂ, ಮೇಲಿನ ಮನೆಯ ಗೆಳೆಯ ಮುಸ್ಲಿಂ. ಅವರು ಸ್ವರ್ಗಕ್ಕೆ ಹೋಗುವುದಿಲ್ಲವೆ? ಕೆಲವು ಮಕ್ಕಳಿಗೆ ಅಜ್ಜಿಯ ಮನೆಯೇ ಬೇರೆ ಧರ್ಮದ್ದು. ಉತ್ತರ ಹೇಳಬೇಕಾದ ತರುಣನ ಗೆಳೆಯರ ಬಳಗವೂ ಹಾಗೆಯೇ ಇರುತ್ತದೆ, ಅಷ್ಟಕ್ಕೂ ಈ ಪ್ರಶ್ನೆ ಅವನದೂ ಹೌದು. ಇಲ್ಲಿ ಕ್ರೈಸ್ತ ಪರಂಪರೆ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಘೋಷಣೆ ಇತರ ಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಸಭೆ ತಳ್ಳಿಹಾಕುವುದಿಲ್ಲ ಎಂಬ ನಿಲುವು ತಳೆಯಿತು. ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿ, ಬಲ್ಮಠದ ಕಾಲೇಜಿನಲ್ಲಿ ಪಾಠ ಹೇಳಿ, ಅಲ್ಲೇ ಪ್ರಾಂಶುಪಾಲರೂ ಆಗಿದ್ದ ಸ್ಟ್ಯಾನ್ಲಿ ಸಮರ್ಥ ಅವರು 1971ರಲ್ಲಿ ಜಿನೀವಾದ ವಿಶ್ವ ಸಭೆಗಳ ಪರಿಷತ್ತಿನ ಅಂತರಧರ್ಮೀಯ ಸಂವಾದ ವಿಭಾಗದ ಮೊದಲ ನಿರ್ದೇಶಕರಾದರು. ಕ್ರಿಸ್ತನಿಗೆ ನಿಷ್ಠರಾಗಿದ್ದುಕೊಂಡೇ ನೆರೆಯವರ ನಂಬಿಕೆಗೆ ಕಿವಿಗೊಡುವುದು ಹೇಗೆಂಬುದು ಅವರ ಬದುಕಿನುದ್ದದ ಚಿಂತನೆ. ಇನ್ನೊಂದು ಕಡೆ ಇವಾಂಜೆಲಿಕಲ್ ಸಭೆಗಳು ಕ್ರಿಸ್ತನೊಬ್ಬನೇ ದಾರಿ ಎಂಬುದನ್ನು ಸಡಿಲಿಸಲು ಒಪ್ಪುವುದಿಲ್ಲ. ದೊಡ್ಡವರು ದಶಕಗಳಿಂದ ವಾದಿಸುತ್ತಿರುವ ಈ ಪ್ರಶ್ನೆಗೆ ತರಗತಿಯಲ್ಲಿ ಹೌದು ಅಲ್ಲ ಎಂದು ಒಂದು ಮಾತಿನ ಉತ್ತರ ಕೊಡುವ ಹಕ್ಕು ಯಾವ ತರುಣನಿಗೂ ಇಲ್ಲ. ಯಾರನ್ನು ಎಲ್ಲಿಗೆ ಕಳಿಸುವುದೆಂಬುದು ದೇವರ ಕೆಲಸ, ನೆರೆಯವನನ್ನು ಪ್ರೀತಿಸುವುದು ನಮ್ಮ ಕೆಲಸ ಎಂದರೆ ಅದು ತಪ್ಪಿಸಿಕೊಳ್ಳುವ ಉತ್ತರವಾಗದು. ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ಹೇಳಿದ ಸುವಾರ್ತೆಯಲ್ಲೇ ಅದಕ್ಕೆ ಆಧಾರವಿದೆ.

ಮಗುವಿನ ಸ್ವಾತಂತ್ರ್ಯದ ಪ್ರಶ್ನೆಯನ್ನೂ ಎದುರಿಸಲೇಬೇಕು. ರೂಸೊ 1762ರ ತನ್ನ ‘ಎಮಿಲ್’ನಲ್ಲಿ, ಹುಡುಗನಿಗೆ ಹದಿನೈದು ದಾಟುವ ತನಕ ಆತ್ಮ, ದೇವರು ಎಂಬ ಮಾತೇ ಬೇಡವೆಂದ, ಅರ್ಥವಾಗದ ವಯಸ್ಸಿನಲ್ಲಿ ಹೇಳಿದರೆ ಮಗು ದೇವರ ಬದಲು ವಿಗ್ರಹವೊಂದನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದು ಅವನ ಅಳುಕು. ಆ ಪುಸ್ತಕವನ್ನು ಪ್ಯಾರಿಸ್ಸಿನಲ್ಲೂ ಜಿನೀವಾದಲ್ಲೂ ಸುಟ್ಟರು. ಸುಡದೆ ಉತ್ತರಿಸಬಹುದಿತ್ತು: ನಂಬುವ ಮನೆಯಲ್ಲಿ ಹುಟ್ಟಿದ ಮಗುವಿಗೆ ಅದನ್ನು ಕಾಣಿಸದೆ ಬೆಳೆಸುವುದೂ ಒಂದು ಬಗೆಯ ಬೋಧನೆಯೇ. ಅಮೆರಿಕದ ಹೊರೇಸ್ ಬುಶ್ನೆಲ್ 1847ರಲ್ಲಿ ಇನ್ನೊಂದು ದಿಕ್ಕಿನಿಂದ ಬಂದ. ಅವನ ಕಾಲದ ಉಜ್ಜೀವನ ಸಭೆಗಳು ಮಗುವನ್ನೂ ಪಾಪಿಯೆಂದು ನಡುಗಿಸಿ, ಅಳಿಸಿ, ಒಂದು ಗಳಿಗೆಯ ಪರಿವರ್ತನೆಗೆ ತಳ್ಳುತ್ತಿದ್ದವು. ಕ್ರೈಸ್ತ ಮನೆಯ ಮಗು ತಾನು ಬೇರೆ ಏನಾದರೂ ಆಗಿದ್ದೆನೆಂಬ ನೆನಪೇ ಇಲ್ಲದಂತೆ ಕ್ರೈಸ್ತನಾಗಿಯೇ ಬೆಳೆಯಬೇಕು ಎಂದು ಬುಶ್ನೆಲ್ ವಾದಿಸಿದ.

ಬುಶ್ನೆಲ್‌ನ ಎದುರಾಳಿಗಳು ಸೋತರೆಂದು ಹೇಳುವಂತಿಲ್ಲ. ಕೈ ಎತ್ತಿಸುವುದು, ಕಣ್ಣು ಮುಚ್ಚಿಸಿ ಯೇಸುವನ್ನು ಈಗಲೇ ಸ್ವೀಕರಿಸುವವರು ಯಾರು ಎಂದು ಕೇಳುವುದು, ಕೊನೆಯ ದಿನ ಎಷ್ಟು ಮಕ್ಕಳು ‘ತೀರ್ಮಾನ’ ಮಾಡಿದರೆಂದು ವರದಿ ಓದುವುದು ಅನೇಕ ಮಕ್ಕಳ ಶಿಬಿರಗಳಲ್ಲಿ ಈಗಲೂ ನಡೆಯುತ್ತದೆ. ನಡೆಸುವವರು ತರುಣರು; ಆ ಉತ್ಸಾಹದಲ್ಲಿ ಕಪಟವಿರುವುದಿಲ್ಲ. ಆದರೆ ಆರು ವರ್ಷದ ಮಗು ಕೈ ಎತ್ತುವುದು ಪಕ್ಕದವನು ಎತ್ತಿದ್ದಕ್ಕೆ, ಅಕ್ಕನಿಗೆ ಖುಷಿಯಾಗಲೆಂಬುದಕ್ಕೆ. ಅದನ್ನು ನಂಬಿಕೆಯ ನಿರ್ಧಾರವೆಂದು ಎಣಿಸುವುದು ಮಗುವಿನ ಪ್ರೀತಿಯನ್ನು ಬೇರೆ ಲೆಕ್ಕಕ್ಕೆ ಜಮಾ ಮಾಡಿದಂತೆ. ಅಕ್ಷರಗಳಿಲ್ಲದ ಬಣ್ಣದ ಪುಸ್ತಕದ ಬಳಕೆಯೂ ಹೀಗೆಯೇ ಮರುಯೋಚನೆ ಬೇಡುತ್ತದೆ. ಲಂಡನ್ನಿನ ಬೋಧಕ ಸ್ಪರ್ಜನ್ 1866ರಲ್ಲಿ ಪ್ರಚಾರಕ್ಕೆ ತಂದಾಗ ಅದರಲ್ಲಿ ಕಪ್ಪು, ಕೆಂಪು, ಬಿಳಿ ಮೂರೇ ಹಾಳೆ. ಹೊನ್ನಿನ ಬಣ್ಣ, ಹಸಿರು ಆಮೇಲೆ ಸೇರಿದವು. ಕಪ್ಪು ಹಾಳೆ ಪಾಪದ್ದು. ಮೈಬಣ್ಣದ ಮಾತಿನಿಂದ ಮಕ್ಕಳು ದಿನವೂ ನೋಯುವ ನಾಡಿನಲ್ಲಿ ಕಪ್ಪನ್ನು ಪಾಪಕ್ಕೆ ಗಂಟು ಹಾಕುವುದು ಯೋಚನೆಯಿಲ್ಲದ ಕೆಲಸ.

ಬೇರೆ ಧರ್ಮದ ಮನೆಗಳ ಮಕ್ಕಳು ಆಟಕ್ಕೆ, ಹಾಡಿಗೆ, ತಿಂಡಿಗೆ ವಿಬಿಎಸ್ಸಿಗೆ ಬರುವುದುಂಟು. ಇಲ್ಲಿ ನಿಯಮ ಸ್ಪಷ್ಟವಾಗಿರಬೇಕು: ಅಲ್ಲಿ ಏನು ಹೇಳಿಕೊಡುತ್ತಾರೆಂದು ತಂದೆತಾಯಿಗೆ ಗೊತ್ತಿರಬೇಕು, ಅವರ ಒಪ್ಪಿಗೆ ಇರಬೇಕು. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ಕೊಟ್ಟಿದೆ. 28ನೇ ವಿಧಿ ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ವಿದ್ಯಾಸಂಸ್ಥೆಗಳಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಅಪ್ರಾಪ್ತರಿಗೆ ಧಾರ್ಮಿಕ ಬೋಧನೆಯನ್ನು ಕಡ್ಡಾಯ ಮಾಡುವಂತಿಲ್ಲ ಎನ್ನುತ್ತದೆ. ಭಾರತ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 14ನೇ ವಿಧಿ ಮಗುವಿನ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ಅದಕ್ಕೆ ದಾರಿ ತೋರುವ ಪೋಷಕರ ಹಕ್ಕನ್ನೂ ಒಟ್ಟಿಗೇ ಇಟ್ಟಿದೆ. ಕಾನೂನಿನ ಭಯಕ್ಕಾಗಿ ಮಾತ್ರ ಇದನ್ನು ಪಾಲಿಸುವುದಾದರೆ ಅದು ಬಡಕಲು ಕ್ರೈಸ್ತತ್ವ. ತನ್ನ ಮಗುವನ್ನು ಬೇರೆಯವರು ಹೇಳದೆ ಕೇಳದೆ ತಮ್ಮ ಧರ್ಮಕ್ಕೆ ತಿರುಗಿಸಿದರೆ ಯಾವ ಕ್ರೈಸ್ತ ತಾಯಿ ಸಹಿಸುತ್ತಾಳೆ? ತನಗೆ ಬೇಡವಾದದ್ದನ್ನು ಇತರರಿಗೆ ಮಾಡಬಾರದೆಂಬ ನಿಯಮ ಇಲ್ಲಿಯೂ ಅನ್ವಯಿಸುತ್ತದೆ.

ಬೋಧನೆಯ ವಿಧಾನದಲ್ಲಿ ಕಳೆದ ಶತಮಾನದ ದೊಡ್ಡ ತಿರುವು ರೋಮಿನಿಂದ ಬಂತು. ಹೀಬ್ರೂ ವಿದ್ವಾಂಸೆ ಸೋಫಿಯಾ ಕವಲ್ಲೆತ್ತಿ 1954ರಲ್ಲಿ, ಮಾಂಟೆಸರಿ ಶಿಕ್ಷಕಿ ಜಾನ್ನಾ ಗೊಬ್ಬಿಯ ಜತೆ, ಮಕ್ಕಳಿಗೆ ಒಳ್ಳೆಯ ಕುರುಬನ ಸಾಮ್ಯವನ್ನು ಮರದ ಪುಟ್ಟ ಗೊಂಬೆಗಳಿಂದ ಕಾಣಿಸುವ ಪದ್ಧತಿಯನ್ನು ಆರಂಭಿಸಿದಳು. ದೊಡ್ಡವರು ಕಥೆಯನ್ನು ಸಾವಧಾನವಾಗಿ ತೋರಿಸಿ, ಇದು ಏನಿರಬಹುದು ಎಂಬ ಪ್ರಶ್ನೆಯನ್ನು ಮಕ್ಕಳಿಗೇ ಬಿಟ್ಟು ಸುಮ್ಮನಾಗುತ್ತಾರೆ. ಅಮೆರಿಕದ ಜೆರೋಮ್ ಬೆರಿಮನ್ ಇದನ್ನೇ ಬೆಳೆಸಿ ‘ಗಾಡ್ಲಿ ಪ್ಲೇ’ ಎಂದು ಹೆಸರಿಟ್ಟ. ಎಲ್ಲ ಉತ್ತರ ಗೊತ್ತಿರಬೇಕೆಂಬ ಭಾರ ಇಲ್ಲಿ ಬೋಧಕರ ಮೇಲೆ ಇಲ್ಲ. ಹಾಗಾಗಿ ತರುಣರಿಗೆ ಇದು ಹೊಂದುತ್ತದೆ. ಆದರೆ ಸುಮ್ಮನಿರುವುದು ತರುಣರಿಗೆ ಕಷ್ಟದ ವಿದ್ಯೆ, ಅದಕ್ಕೆ ತರಬೇತಿ ಬೇಕೇ ಬೇಕು. ನಮ್ಮ ಸಂಡೇ ಸ್ಕೂಲುಗಳ ಮುಖ್ಯ ಚಟುವಟಿಕೆ ಇನ್ನೂ ವಚನ ಬಾಯಿಪಾಠ, ಅದಕ್ಕೊಂದು ಸ್ಪರ್ಧೆ, ವರ್ಷದ ಕೊನೆಗೆ ಸ್ಟೀಲ್ ಡಬ್ಬಿಯ ಬಹುಮಾನ. ಬಾಯಿಪಾಠ ಕೆಟ್ಟದ್ದೇನಲ್ಲ, ಎಂಟರಲ್ಲಿ ಕಲಿತ ಕೀರ್ತನೆ ಎಂಬತ್ತರಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೆ ಕೈಬಿಡದೆ ಉಳಿದ ಉದಾಹರಣೆ ಪ್ರತಿ ಸಭೆಯಲ್ಲೂ ಸಿಗುತ್ತದೆ. ಹಾಳು ಮಾಡುವುದು ಸ್ಪರ್ಧೆ. ಮಾತು ತೊದಲುವ ಮಗು ದೇವರ ಮನೆಯಲ್ಲೂ ಕೊನೆಯ ಸ್ಥಾನ ಪಡೆಯುವ ಏರ್ಪಾಡು ಅದು. ಕಥೆ ಹೇಳುವ ಬಲದ ವಿಷಯದಲ್ಲಿ ನಮ್ಮಲ್ಲಿ ಹಳೆಯ ಮಾದರಿಗಳೇ ಇವೆ. ಕಿಟ್ಟೆಲ್ 1862ರಲ್ಲೇ ಕ್ರಿಸ್ತನ ಚರಿತ್ರೆಯನ್ನು ‘ಕಥಾಮಾಲೆ’ಯಾಗಿ ಕನ್ನಡ ಪದ್ಯಕ್ಕೆ ತಂದಿದ್ದರು. ಹರಿಕಥೆ, ಯಕ್ಷಗಾನಗಳ ನಾಡಿನ ಯುವಕರು ಬೇರೆ ದೇಶದಲ್ಲಿ ತಯಾರಾದ ವಿಡಿಯೊ ಹಾಕಿ ಪಕ್ಕಕ್ಕೆ ಕೂರುವುದು ಸೋಮಾರಿತನ.

ಅಧಿಕಾರದ ಇನ್ನೊಂದು ಮುಖ ರಕ್ಷಣೆ. ಅಣ್ಣ, ಅಕ್ಕ ಎಂಬ ಸಲಿಗೆಯೇ ದುರುಪಯೋಗಕ್ಕೂ ಬಾಗಿಲಾಗಬಹುದು. ಜಗತ್ತಿನ ಅನೇಕ ಸಭೆಗಳು ಇದನ್ನು ಅಡಗಿಸಲು ಹೋಗಿ ತಲೆತಗ್ಗಿಸಿವೆ. ಭಾರತದಲ್ಲಿ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟರ ಒಳಗಿನ ಎಲ್ಲರೂ ಮಕ್ಕಳು. ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು ಅದರ 19ನೇ ಕಲಮು ವಿಧಿಸುತ್ತದೆ. ಸಭೆಯ ಮರ್ಯಾದೆಗಾಗಿ ಒಳಗೊಳಗೇ ತೀರ್ಮಾನಿಸುವ ಹಿರಿಯರ ಪಂಚಾಯಿತಿಗೆ ಇಲ್ಲಿ ಜಾಗವಿಲ್ಲ. ಮಕ್ಕಳಿರುವ ಕೋಣೆಯಲ್ಲಿ ಇಬ್ಬರು ದೊಡ್ಡವರು, ತೆರೆದ ಬಾಗಿಲು, ಮಗುವಿನೊಡನೆ ಖಾಸಗಿ ಫೋನ್ ಸಂದೇಶ ಇಲ್ಲ. ಇಷ್ಟು ಕಟ್ಟುಪಾಡು ಮಗುವನ್ನೂ ಕಾಯುತ್ತದೆ, ನಿರ್ದೋಷಿ ತರುಣನನ್ನೂ ಕಾಯುತ್ತದೆ.

ಉಳಿದದ್ದು ತರುಣರ ಕಡೆಯ ಲೆಕ್ಕ. ಪಾಠ ಹೇಳುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು, ತೀರ್ಮಾನ ಮಾಡುವ ಸಮಿತಿಗಳಲ್ಲಿ ಗಂಡಸರೇ ಹೆಚ್ಚು. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಗೆ ಮೊದಲ ಮಹಿಳಾ ಬಿಷಪ್ ಬಂದದ್ದು 2013ರಲ್ಲಿ. ಕೆಲಸ ಹುಡುಕಿ ಯುವಜನ ಬೆಂಗಳೂರು ಸೇರಿದ ಮೇಲೆ ಹಳ್ಳಿಯ ಸಭೆಗಳಲ್ಲಿ ಒಬ್ಬಳೇ ಹುಡುಗಿ ಮೂರು ವಯಸ್ಸಿನ ಮಕ್ಕಳನ್ನು ಒಂದೇ ಚಾಪೆಯ ಮೇಲೆ ಕೂರಿಸಿಕೊಂಡು ಪಾಠ, ಹಾಡು, ಕ್ರಿಸ್ಮಸ್ ನಾಟಕ ಎಲ್ಲವನ್ನೂ ತೂಗಿಸುತ್ತಾಳೆ. ಆಕೆ ಮಕ್ಕಳೊಂದಿಗೆ ಇರುವ ಹೊತ್ತಿಗೆ ದೊಡ್ಡವರ ಆರಾಧನೆ ನಡೆಯುತ್ತಿದ್ದರೆ, ವರ್ಷಗಟ್ಟಲೆ ಒಂದು ಪ್ರಸಂಗವನ್ನೂ ಪೂರ್ತಿ ಕೇಳದೆ ಉಳಿಯುತ್ತಾಳೆ. ತನ್ನ ನಂಬಿಕೆಗೆ ಅತ್ಯಂತ ಹೆಚ್ಚು ಪೋಷಣೆ ಬೇಕಾದ ಕಾಲದಲ್ಲೇ ಅದು ಸಿಗುವ ಜಾಗದಿಂದ ಹೊರಗಿರುತ್ತಾಳೆ. ಮದುವೆಯಾಗಿ ಹೋದರೆ ಸಭೆ ಇನ್ನೊಬ್ಬಳನ್ನು ಹುಡುಕುತ್ತದೆ.

ಕಲಿಸುತ್ತ ಕಲಿಯುವುದು ಎಂಬ ಮಾತನ್ನು ಈ ಸಂದರ್ಭದಲ್ಲಿ ಹಿರಿಯರು ಧಾರಾಳವಾಗಿ ಬಳಸುತ್ತಾರೆ. ಅದರಲ್ಲಿ ಹುರುಳಿದೆ. ಮಗುವಿನ ಪ್ರಶ್ನೆಗೆ ಉತ್ತರ ಹುಡುಕಲು ಹೊರಟ ಎಷ್ಟೋ ತರುಣರಿಗೆ ತಮ್ಮ ನಂಬಿಕೆಯೇ ಮೊದಲ ಸಲ ತಮ್ಮದಾಗಿದೆ. ಆದರೆ ಅದು ತಾನಾಗಿ ಆಗುವುದಿಲ್ಲ. ಪ್ರಶ್ನೆಯನ್ನು ತಂದು ಇಡಲು ಒಬ್ಬ ಹಿರಿಯರು ಬೇಕು. ತರಗತಿಗೆ ಮುಂಚೆ ಪಾಠವನ್ನು ಒಟ್ಟಿಗೆ ಓದುವ ವಾರದ ಒಂದು ಸಂಜೆ ಬೇಕು. ಸಂಶಯವನ್ನು ಬಾಯಿಬಿಟ್ಟು ಹೇಳಿದರೆ ತರಗತಿ ಕಿತ್ತುಕೊಳ್ಳುವುದಿಲ್ಲ ಎಂಬ ಭರವಸೆ ಬೇಕು. ಎರಡು ವರ್ಷಕ್ಕೊಮ್ಮೆಯಾದರೂ ಬಿಡುವು ಬೇಕು. ಹೊಸ ಕಟ್ಟಡಕ್ಕೆ, ವಾರ್ಷಿಕೋತ್ಸವದ ಊಟಕ್ಕೆ ಹಣ ಹೊಂದಿಸಬಲ್ಲ ಸಭೆಗೆ ಇವು ಮೀರಿದ ಖರ್ಚಲ್ಲ. ಇಷ್ಟನ್ನೂ ಒದಗಿಸದೆ ಇಪ್ಪತ್ತರವರ ಕೈಗೆ ಪಾಠದ ಪುಸ್ತಕ ಕೊಟ್ಟು ಮಕ್ಕಳ ಕೋಣೆಗೆ ಕಳಿಸುವ ಸಭೆ, ಒದಗಿಸುವ ತನಕ ಆ ಕೋಣೆಯನ್ನು ಮುಚ್ಚಿ ಮಕ್ಕಳನ್ನು ದೊಡ್ಡವರ ಆರಾಧನೆಯಲ್ಲಿ ಅಪ್ಪ ಅಮ್ಮನ ಪಕ್ಕ ಕೂರಿಸಿಕೊಳ್ಳುವುದೇ ಮೇಲು.